ತಲೆ ತಗ್ಗಿಸಿದ ತಾಯಿ

ನೋಡಿ, ಎಂಟುನೂರು ವರ್ಷಗಳ ಹಿಂದೆ ಫ್ರಾನ್ಸ್ ದೇಶದ ನದಿಯೊಂದರ ದಡದಲ್ಲಿ ಒಬ್ಬ ಸಿರಿವಂತ ಪಾಳೆಯಗಾರನಿದ್ದ. ಅವನಿಗೆ ಎರಡು ಕೋಟೆ, ಏಳು ವರ್ಷದ ಒಬ್ಬಳು ಮಗಳು. ಆಚೆ ದಡದ ದೊರೆಯೊಂದಿಗೆ ಹಗೆ. ಹಗೆ ತೀರಬೇಕಲ್ಲ, ಏನು ಕೊಟ್ಟ? ಕೋಟೆ ಕೊಟ್ಟನೇ? ಇಲ್ಲ. ಮಗಳನ್ನು ಕೊಟ್ಟ.

ಅವಳ ಹೆಸರು ಗಿಸ್ಲಾ. ಆ ಕಾಲದ ಚರ್ಚಿನಲ್ಲಿ ಒಂದು ಕಟ್ಟಳೆ ಇತ್ತು. ಮದುವೆಯ ಹುಡುಗಿ ತನ್ನ ಬಾಯಿಂದಲೇ ‘ವೋಲೋ’ ಅನ್ನಬೇಕು. ಪಾದ್ರಿಗಳ ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ‘ನನಗೆ ಇಷ್ಟ’. ಎಂಥ ಒಳ್ಳೆಯ ಕಟ್ಟಳೆ! ಆದರೆ ಏಳು ವರ್ಷದ ಕೂಸಿಗೆ ಲ್ಯಾಟಿನ್ ಎಲ್ಲಿಂದ ಬರಬೇಕು? ದಾದಿ ಜಡೆ ಹೆಣೆಯುತ್ತಾ ಹೇಳಿಕೊಟ್ಟಳು.

“ವೋಲೋ ಅಂದ್ರೆ ಏನು ದಾದಿ?”

“ಮನೆಗೆ ಹೋಗೋಣ ಅಂತ, ನನ್ನ ಬಂಗಾರ. ಅಲ್ಲಿ ನಿಂತೂ ನಿಂತೂ ಕಾಲು ನೋಯುತ್ತಲ್ಲ, ಪಾದ್ರಿ ಏನೋ ಕೇಳ್ತಾರೆ, ಆಗ ಗಟ್ಟಿಯಾಗಿ ಅಂದುಬಿಡು.”

ಕೂಸು ಅಂದಿತು. ಎಷ್ಟು ಗಟ್ಟಿಯಾಗಿ ಅಂದಿತೆಂದರೆ, ಗೋಪುರದ ಪಾರಿವಾಳಗಳೆಲ್ಲ ಹಾರಿಹೋದವು. “ಮದುವೆ ಅಂದ್ರೆ ಎಷ್ಟು ಆಸೆ ನೋಡಿ ಇವಳಿಗೆ!” ಎಂದು ನೆರೆದವರು ನಕ್ಕರು. ಅಂದೇ ಅವಳನ್ನು ದೋಣಿ ಹತ್ತಿಸಿದರು. ಆಚೆ ದಡ ಹತ್ತಿರವಾಗುತ್ತಿದ್ದಂತೆ ಅವಳು ಬಿಕ್ಕಿ ಬಿಕ್ಕಿ ‘ವೋಲೋ, ವೋಲೋ’ ಅನ್ನುತ್ತಲೇ ಇದ್ದಳು. ಮನೆಗೆ ಹೋಗೋಣ, ಮನೆಗೆ ಹೋಗೋಣ. ಜೊತೆಗಿದ್ದ ಪಾದ್ರಿ ಬೆನ್ನು ತಟ್ಟಿ ಹೇಳಿದ: “ಒಂದು ಸಲ ಅಂದ್ರೆ ಸಾಕಮ್ಮ.”

ಇಪ್ಪತ್ತೈದು ವರ್ಷ ಕಳೆದವು. ಈಗ ಗಿಸ್ಲಾಳ ಮಗಳಿಗೇ ಏಳು ತುಂಬಿದೆ. ಈಗ ಹಗೆ ಬೆಟ್ಟದಾಚೆಯವರ ಜೊತೆ. ಗಂಡ ಬಂದು ಹೇಳಿದ: “ನಾಳಿದ್ದು ಮದುವೆ. ಅವಳಿಗೆ ಆ ಮಾತು ಕಲಿಸಿಬಿಡು.”

ಗಿಸ್ಲಾ ಸುಳ್ಳು ಹೇಳಲಿಲ್ಲ. ಅಷ್ಟನ್ನು ಮಾಡಿದಳು. ಮಗಳ ಜಡೆ ಹೆಣೆಯುತ್ತಾ ಆ ಮಾತಿನ ನಿಜವಾದ ಅರ್ಥ ಹೇಳಿದಳು.

“ಅಮ್ಮಾ, ಇಷ್ಟ ಇಲ್ಲ ಅಂದ್ರೆ?”

“ಆಗ ನೋಲೋ ಅನ್ನಬೇಕು.”

“ಒಂದೇ ಅಕ್ಷರಾನಾ ವ್ಯತ್ಯಾಸ! ನಾನು ಯಾವುದು ಅನ್ನಲಿ?”

ನೋಲೋ ಅಂದರೆ ಗಂಡನ ಕೋಪ, ಬೆಟ್ಟದಾಚೆಯಿಂದ ಕುದುರೆಗಳ ದಂಡು. ವೋಲೋ ಅಂದರೆ ಮಗಳೇ ಇಲ್ಲ. ಗಿಸ್ಲಾ ಹೆಣೆದ ಜಡೆಯನ್ನು ಬಿಚ್ಚಿದಳು, ಮತ್ತೆ ಹೆಣೆದಳು, ಮತ್ತೆ ಬಿಚ್ಚಿದಳು.

“ಹೋಗ್ಲಿ ಬಿಡಮ್ಮ, ಅಲ್ಲಿ ನಿನ್ನನ್ನೇ ನೋಡ್ತೀನಿ. ಹೂಂ ಅಂತ ತಲೆ ಬಗ್ಗಿಸಿದ್ರೆ ವೋಲೋ. ಬೇಡ ಅಂತ ಆಡಿಸಿದ್ರೆ ನೋಲೋ. ಆಯ್ತಾ?”

ಚರ್ಚಿನಲ್ಲಿ ಪಾದ್ರಿ ಕೇಳಿದ. ಕೂಸು ತಿರುಗಿ ತಾಯಿಯನ್ನು ನೋಡಿತು. ಆ ಎರಡು ಕಣ್ಣುಗಳನ್ನು ಎದುರಿಸಲಾರದೆ, ಮಾನ ಹೋದವಳಂತೆ, ಗಿಸ್ಲಾ ತಲೆ ತಗ್ಗಿಸಿದಳು. ಅಷ್ಟೇ. ತಲೆ ತಗ್ಗಿಸಿದಳು, ಅಷ್ಟೇ.

“ವೋಲೋ,” ಅಂದಿತು ಕೂಸು. ಮೆಲ್ಲಗೆ. ಪಾರಿವಾಳ ಒಂದೂ ಹಾರಲಿಲ್ಲ.

ಎಲ್ಲಿಯದೋ ಕಥೆ ಎಂದು ನಿಟ್ಟುಸಿರು ಬಿಟ್ಟಿರಿ, ಅಲ್ಲವೇ? ಹಾಗಾದರೆ ನಿಮ್ಮದೇ ನಡುಮನೆಗೆ ಬನ್ನಿ. ಹೆಣ್ಣು ನೋಡಲು ಬಂದಿದ್ದಾರೆ. ಉಪ್ಪಿಟ್ಟಿನ ತಟ್ಟೆಗಳು ಖಾಲಿಯಾಗಿವೆ. ಅಷ್ಟು ಜನರ ಮುಂದೆ ಕೇಳುತ್ತೀರಿ: “ಒಪ್ಪಿಗೆ ತಾನೇನಮ್ಮಾ?” ಅವಳು ತಲೆ ತಗ್ಗಿಸುತ್ತಾಳೆ. “ನಾಚಿಕೊಂಡ್ಲು, ಒಪ್ಪಿದ್ಲು!” ಎಂದು ನಗುತ್ತೀರಿ. ಅದು ನಾಚಿಕೆಯೆಂದು ನಿಮಗೆ ಯಾರು ಹೇಳಿದರು?

ಇವತ್ತು ಮನೆಗೆ ಹೋಗಿ, ನೆಂಟರು ಬರುವ ಮೊದಲೇ, ಮಗಳೊಬ್ಬಳನ್ನೇ ಕೂರಿಸಿಕೊಂಡು ಕೇಳಿ. ಅವಳು ಬೇಡ ಅಂದರೆ, ಆ ಸಂಜೆಯೂ ಎಂದಿನಂತೆ ಊಟಕ್ಕೆ ಕರೆಯಿರಿ, ಎಂದಿನಂತೆ ಮಾತಾಡಿಸಿ. ತಾಯಂದಿರೇ, ಅವಳು ನಿಮ್ಮ ಮುಖವನ್ನೇ ನೋಡುತ್ತಾಳೆ. ಆಗ, ದಯವಿಟ್ಟು, ತಲೆ ಎತ್ತಿಕೊಂಡಿರಿ.