ಹುಳುಗುಂಡಿಯಲ್ಲಿರುವ ಹನ್ನೊಂದು ಕಾರುಗಳ ಬಗ್ಗೆ

ಹೆಸರು: ಚನ್ನಕೇಶವ ಬಿನ್ ಲೇಟ್ ನರಸಿಂಹಪ್ಪ. ವಯಸ್ಸು: 37 ವರ್ಷ. ಕಸುಬು: ಚಿಂತಾಮಣಿಯ ಖಾಸಗಿ ಬಸ್ ಗ್ಯಾರೇಜೊಂದರಲ್ಲಿ ಪೇಂಟರ್. ವಿದ್ಯಾಭ್ಯಾಸ: ಏಳನೇ ತರಗತಿ ಪಾಸು, ಎಂಟಕ್ಕೆ ನಾಲ್ಕು ತಿಂಗಳು ಹೋಗಿ ಬಿಟ್ಟದ್ದು. ವಾಸ: ಕೆಂಚಾರ್ಲಹಳ್ಳಿ, ಚಿಂತಾಮಣಿ ತಾಲ್ಲೂಕು, ಕೋಲಾರ ಜಿಲ್ಲೆ.

ಈ ದಿನ ಸಂಜೆ 4-15 ಗಂಟೆಗೆ ಠಾಣೆಗೆ ಹಾಜರಾಗಿ ನಾನು ಹೇಳಿ ಬರೆಸುವುದು ಏನೆಂದರೆ,

ನನ್ನ ಹನ್ನೊಂದು ಕಾರುಗಳನ್ನು ಪಕ್ಕದ ಮನೆಯ ಮುನಿಗಂಗಪ್ಪನವರು ಗುಂಡಿಗೆ ಹಾಕಿ ಮುಚ್ಚಿದ್ದಾರೆ, ಗುಂಡಿ ಅಗೆಸಿ ಕೊಡಿಸಬೇಕು ಎಂದು 12-2-1993ರಂದು ದೂರು ಕೊಟ್ಟಿದ್ದೆ. ಈ ದಿನ ಗುಂಡಿ ಅಗೆಯುತ್ತಿರುವಾಗ ನಾನೇ ಬೇಡವೆಂದು ನಿಲ್ಲಿಸಿದೆ. ಅಗೆಯಿರಿ ಎಂದವನೂ ನೀನೇ, ನಿಲ್ಲಿಸಿ ಎಂದವನೂ ನೀನೇ, ಕಾರಣ ಬರೆಸು ಎಂದು ಹೆಡ್ ಕಾನ್‌ಸ್ಟೇಬಲ್ ಸಾಹೇಬರು ಹೇಳಿದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಕಾರು ಎಂದರೆ ಓಡಿಸುವ ಕಾರಲ್ಲ. ಅಸಲು ಕಾರಿನ ಉದ್ದವನ್ನು ಇಪ್ಪತ್ತನಾಲ್ಕು ಪಾಲು ಮಾಡಿದರೆ ಒಂದು ಪಾಲಿನಷ್ಟು ಇರುವ ಮಾದರಿ. ಒಂದು ಗೇಣಿಗೆ ಸ್ವಲ್ಪ ಕಡಿಮೆ. ಹೊರದೇಶದಿಂದ ಡಬ್ಬಿಯಲ್ಲಿ ಬಿಡಿ ಪ್ಲಾಸ್ಟಿಕ್ ಭಾಗಗಳಾಗಿ ಬರುತ್ತದೆ. ಒಂದು ಡಬ್ಬಿಯಲ್ಲಿ ಎಪ್ಪತ್ತರಿಂದ ನೂರಹತ್ತು ಭಾಗ ಇರುತ್ತವೆ. ಅವನ್ನು ಕತ್ತರಿಸಿ, ಉಜ್ಜಿ, ಗಮ್ಮಿನಿಂದ ಅಂಟಿಸಿ ಬಣ್ಣ ಹೊಡೆಯಬೇಕು. ಎಲ್ಲವೂ 1911ರಿಂದ 1955ರ ಒಳಗಿನ ಹಳೇ ಗಾಡಿಗಳು. ಮೊದಲನೆಯ ದೂರಿನಲ್ಲಿ ಆಟದ ಸಾಮಾನು ಎಂದು ಬರೆದುಕೊಂಡಿದ್ದಾರೆ. ಅದನ್ನು ತಿದ್ದಬೇಕಾಗಿ ಕೋರುತ್ತೇನೆ. ಅವುಗಳ ಜೊತೆ ಯಾರೂ ಆಡಿಲ್ಲ, ಆಡಲು ಬಿಟ್ಟೂ ಇಲ್ಲ.

1986ರಲ್ಲಿ ಶಿಡ್ಲಘಟ್ಟದ ರೇಷ್ಮೆ ನೂಲಿನ ವ್ಯಾಪಾರಿ ತಾಜ್ ಪಾಷಾ ಅವರ ಅಂಗಡಿಗೆ ಬೋರ್ಡು ಬರೆಯಲು ಹೋಗಿದ್ದೆ. ದುಬೈಯಲ್ಲಿರುವ ಅವರ ತಮ್ಮ ತಂದಿದ್ದ ಒಂದು ಡಬ್ಬಿ ಜೋಡಿಸುವವರಿಲ್ಲದೆ ಬೀರುವಿನ ಮೇಲೆ ಬಿದ್ದಿತ್ತು. ಅದನ್ನು ನನಗೆ ಕೊಟ್ಟರು. ಆಮೇಲೆ ಆ ತಮ್ಮ ಊರಿಗೆ ಬಂದಾಗಲೆಲ್ಲ ಒಂದೋ ಎರಡೋ ತರಿಸಿಕೊಟ್ಟಿದ್ದಾರೆ. ಕೊಡುವಾಗ, “ಇಷ್ಟು ಕಾರು ಇಟ್ಕೊಂಡು ಬಸ್ಸಿಗೆ ಓಡ್ತೀರಲ್ಲ ಚನ್ನಕೇಶವಣ್ಣ, ಇದರಲ್ಲಿ ನಮ್ಮನೆ ಬೆಕ್ಕೂ ಕೂರಲ್ಲ” ಎಂದು ನಗುತ್ತಿದ್ದರು. ಮೊದಲನೆಯದಕ್ಕೆ ಗ್ಯಾರೇಜಿನ ಬಸ್ ಪೇಂಟು ಹೊಡೆದೆ. ಅದು ಪ್ಲಾಸ್ಟಿಕ್ಕನ್ನೇ ತಿಂದು ಬಾನೆಟ್ಟು ಕುಗ್ಗಿಹೋಯಿತು. ಅಲ್ಲಿಂದ ಈಚೆಗೆ ಬರೀ ಎನಾಮಲ್. ಕುಗ್ಗಿದ್ದನ್ನು ಬಿಟ್ಟು ಆರೂವರೆ ವರ್ಷದಲ್ಲಿ ಹನ್ನೊಂದು ಮುಗಿದವು. ಇಷ್ಟು ನಿಧಾನವಾದದ್ದು ಸೋಮಾರಿತನದಿಂದಲ್ಲ, ಹುಳುವಿನಿಂದ.

ನನ್ನ ಮನೆಗೂ ಮುನಿಗಂಗಪ್ಪನವರು ರೇಷ್ಮೆ ಹುಳು ಸಾಕುವ ಕೋಣೆಗೂ ಒಂದೇ ಗೋಡೆ. ಹೆಂಚಿನ ಕೆಳಗೆ ಒಂದು ಗೇಣು ಸಂದಿ ಇದೆ. ಹುಳುವಿಗೆ ಪೇಂಟು, ಥಿನ್ನರ್, ಗಮ್ಮಿನ ವಾಸನೆ ಆಗುವುದಿಲ್ಲ. ಬೀಡಿ ಸೇದಿ ಬಂದವರನ್ನೇ ಒಳಗೆ ಬಿಡುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ಹುಳು ಇರುವ ಇಪ್ಪತ್ತೇಳು ಇಪ್ಪತ್ತೆಂಟು ದಿನ ನಾನು ಕತ್ತರಿಸುವುದು, ಉಜ್ಜುವುದು ಮಾತ್ರ ಮಾಡುತ್ತಿದ್ದೆ. ಹುಳು ಹಣ್ಣಾದ ಮೇಲೆ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟು, ಚಂದ್ರಿಕೆಗಳನ್ನು ಅಂಗಳದಲ್ಲಿ ಒರಗಿಸುತ್ತಾರೆ. ಚಂದ್ರಿಕೆ ಈಚೆಗೆ ಬಂದರೆ ಕೋಣೆ ಖಾಲಿ ಎಂದು ಲೆಕ್ಕ. ಅಲ್ಲಿಂದ ಹೊಸ ಮೊಟ್ಟೆ ತರುವವರೆಗೆ ನನಗೆ ಹತ್ತು ಹನ್ನೆರಡು ದಿನ ಸಿಗುತ್ತಿತ್ತು. ಆಗ ಅಂಟಿಸಿ ಬಣ್ಣ ಹೊಡೆಯುತ್ತಿದ್ದೆ. ಹಾಗಿದ್ದರೂ ಮುನಿಗಂಗಪ್ಪನವರ ಹೆಂಡತಿ ಅಕ್ಕಯ್ಯಮ್ಮನವರನ್ನು ಕೇಳದೆ ಡಬ್ಬಿಯ ಮುಚ್ಚಳ ತೆಗೆದವನಲ್ಲ. ಅವರಿಬ್ಬರನ್ನೂ ನಾನು ಚಿಕ್ಕಪ್ಪ, ಚಿಕ್ಕಮ್ಮ ಎಂದೇ ಕರೆಯುವುದು.

ದಿನಾಂಕ 6-2-1993, ಶನಿವಾರ ಸಂಜೆ ಸುಮಾರು 6 ಗಂಟೆಗೆ ಬೀದಿ ನಲ್ಲಿಯ ಹತ್ತಿರ, ಹುಳು ಹಣ್ಣಾದವಾ ಎಂದು ಅಕ್ಕಯ್ಯಮ್ಮನವರನ್ನು ಕೇಳಿದೆ. ಆ ದಿನ ಬೆಳಿಗ್ಗೆಯೂ ಕೇಳಿದ್ದೆ. ಅವರು, “ಎಷ್ಟು ಸಲ ಕೇಳ್ತೀಯೋ ಚೆನ್ನ, ಹುಳ ಏನು ನಿನ್ನ ಕೇಳ್ಕೊಂಡು ಹಣ್ಣಾಗ್ತವಾ? ಚಂದ್ರಿಕೆ ಈಚೆಗೆ ಬಂದ್ರೆ ಕಾಣಲ್ವೇನಪ್ಪ, ಕಣ್ಣಿಲ್ವಾ?” ಎಂದರು. ನೀರಿಗೆ ಬಂದಿದ್ದ ನಾಲ್ಕೈದು ಜನ ಹೆಂಗಸರು ನಕ್ಕರು. ಇನ್ನು ಕೇಳಬಾರದು ಎಂದು ಆಗಲೇ ಮನಸ್ಸಿನಲ್ಲಿ ಅಂದುಕೊಂಡೆ.

7-2-1993, ಭಾನುವಾರ ಬೆಳಿಗ್ಗೆ 7-20ಕ್ಕೆ ನೋಡಿದಾಗ ಅವರ ಅಂಗಳದಲ್ಲಿ ಹದಿನಾಲ್ಕು ಚಂದ್ರಿಕೆ ಒರಗಿಸಿದ್ದರು. ಆರೂವರೆ ವರ್ಷದಲ್ಲಿ ಮೊದಲ ಸಲ ನಾನು ಕೇಳಲಿಲ್ಲ. 8 ಗಂಟೆಯಿಂದ 11-30ರವರೆಗೆ ಹನ್ನೆರಡನೇ ಕಾರಿನ ಮೈಗೆ ಎರಡು ಕೈ ಬಣ್ಣ ಹೊಡೆದು, ಬ್ರಷ್ಷುಗಳನ್ನು ಥಿನ್ನರಿನಲ್ಲಿ ತೊಳೆದೆ. ಬೀದಿ ಕಡೆಯ ಕಿಟಕಿ ತೆರೆದಿದ್ದೆ. ಗಾಳಿ ಯಾವ ಕಡೆಗೆ ಬೀಸುತ್ತಿತ್ತು ಎಂದು ನೋಡಿಲ್ಲ. ನೋಡಬೇಕಿತ್ತು.

ನನಗೆ ಗೊತ್ತಿಲ್ಲದ್ದು ಏನೆಂದರೆ, ವಿದುರಾಶ್ವತ್ಥಕ್ಕೆ ಕೊಟ್ಟಿರುವ ಮುನಿಗಂಗಪ್ಪನವರ ಮಗಳು ವರಲಕ್ಷ್ಮಮ್ಮನ ಮನೆಯಲ್ಲಿ ಸಾವಾಗಿ, ಸೂತಕದಲ್ಲಿ ಹುಳು ಮುಟ್ಟಬಾರದೆಂದು, ಐವತ್ತು ಚಿಟ್ಟೆಗಳ ಮೊಟ್ಟೆಯಿಂದ ಎದ್ದ ಸಾವಿರಾರು ಮರಿಹುಳುಗಳನ್ನು ಚಿಕ್ಕಪ್ಪ ಚಿಕ್ಕಮ್ಮ ಒದ್ದೆ ಬಟ್ಟೆ ಸುತ್ತಿ ಮೂರು ಬಸ್ಸು ಬದಲಾಯಿಸಿ ಇಲ್ಲಿಗೆ ತಂದಿದ್ದರು. ಊರಿನವರಿಗೆ ಹೇಳಿರಲಿಲ್ಲ. ತಮ್ಮ ಹುಳು ಚಂದ್ರಿಕೆಗೆ ಹೋದರೂ ಮಗಳ ಹುಳು ಗೋಡೆಯ ಪಕ್ಕದ ತಟ್ಟೆಗಳಲ್ಲಿ ಮೇಯುತ್ತಿತ್ತು.

9-2-1993, ಮಂಗಳವಾರ ಬೆಳಿಗ್ಗೆ 6 ಗಂಟೆಗೆ ಗೋಡೆಯ ಆಚೆ ಅಕ್ಕಯ್ಯಮ್ಮನವರು ಅಳುವುದು ಕೇಳಿಸಿತು. ಹೋಗಿ ನೋಡಿದೆ. ಹುಳುಗಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಹಸಿರು ನೀರು ಕಾರುತ್ತಿದ್ದವು. ಬುಧವಾರ ಸಂಜೆಯ ಹೊತ್ತಿಗೆ ಎಲ್ಲಾ ತಟ್ಟೆಗಳ ಹುಳುಗಳೂ ಸತ್ತವು. ಮುನಿಗಂಗಪ್ಪನವರು, “ಲೇ ಚೆನ್ನ, ನಿನ್ನ ಕಾರು ತಂದು ನನ್ನ ಹುಳದ ಮೇಲೆ ಹರಿಸಿಬಿಟ್ಟಲ್ಲೋ” ಎಂದರು. ಒಳಗೆ ಹುಳು ಇದೆ ಎಂದು ಒಂದು ಮಾತು ಹೇಳಬಾರದಿತ್ತಾ ಚಿಕ್ಕಪ್ಪ ಎಂದು ನಾನು ಕೇಳಿದೆ. “ಸೂತಕದ ಮನೆ ಹುಳ ಬಂದೈತೆ ಅಂತ ತಮಟೆ ಹೊಡೆಸಬೇಕಿತ್ತಾ? ನೀನು ದಿನಾ ಕೇಳೋನು, ಅವತ್ತು ಯಾಕೆ ಕೇಳಲಿಲ್ಲ ಹೇಳು” ಎಂದರು.

ಅದೇ ಬುಧವಾರ ಸಂಜೆ 5-30ಕ್ಕೆ ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರ್ ವೆಂಕಟರವಣಪ್ಪನವರು ಬಂದು ನೋಡಿದರು. ವಾಸನೆಯಿಂದಲೇ ಸತ್ತವಾ ಎಂದು ಕೇಳಿದೆ. ವಾಸನೆಯಿಂದಲೂ ಇರಬಹುದು, ಬಸ್ಸಿನ ಸೆಕೆಯಿಂದಲೂ ಇರಬಹುದು, ಸಪ್ಪೆ ರೋಗ ಮೊದಲೇ ಹತ್ತಿರಲೂಬಹುದು, ಇಂಥದ್ದೇ ಎಂದು ಬರೆದುಕೊಡಲು ತನಗೆ ಅಧಿಕಾರವಿಲ್ಲ ಎಂದರು. ಸತ್ತ ಹುಳುಗಳನ್ನು ಆಳವಾದ ಗುಂಡಿಗೆ ಹಾಕಿ, ಮೇಲೆ ಸುಣ್ಣ ಸುರಿದು ಮುಚ್ಚಿ, ಯಾವ ಕಾರಣಕ್ಕೂ ತೆರೆಯಬೇಡಿ, ಆ ಧೂಳು ಹಾರಿದರೆ ರೋಗ ಊರಿಗೆಲ್ಲ ಹತ್ತುತ್ತದೆ ಎಂದು ಹೇಳಿ ಹೋದರು.

11-2-1993, ಗುರುವಾರ ನಾನು 7-30ರ ಬಸ್ಸಿಗೆ ಕೆಲಸಕ್ಕೆ ಹೋಗಿ ಸಂಜೆ 6-50ಕ್ಕೆ ಬಂದಾಗ ನನ್ನ ಗಾಜಿನ ಬೀರು ಖಾಲಿ ಇತ್ತು. ನನ್ನ ಹೆಂಡತಿ ಶ್ಯಾಮಲಮ್ಮನನ್ನು ಕೇಳಿದೆ. ಮಧ್ಯಾಹ್ನ 12ರ ಸುಮಾರಿಗೆ ಮುನಿಗಂಗಪ್ಪನವರು ಬಂದು, ಬೀರುವಿನಿಂದ ಇನ್ನೂ ವಾಸನೆ ಬರುತ್ತಿದೆ, ಇವು ಇಲ್ಲಿರಕೂಡದು ಎಂದರಂತೆ. ತೋಟದ ಪಂಪಿನ ಮೋಟಾರು ಶೆಡ್ಡಿನಲ್ಲಿ ಇಡುತ್ತಾರೆ ಎಂದುಕೊಂಡು ತಾನೇ ಬೀಗ ತೆಗೆದುಕೊಟ್ಟೆ ಎಂದಳು. “ಅವರ ಹುಳ ಹೋಗೈತೆ, ನಾನು ಯಾವ ಬಾಯಲ್ಲಿ ಇಲ್ಲ ಅನ್ನಲಿ ಕಣ್ರೀ?” ಎಂದಳು. ಅವರು ಹನ್ನೊಂದನ್ನೂ ಮಂಕರಿಯಲ್ಲಿ ತುಂಬಿಕೊಂಡು ಹೋಗಿ, ಸತ್ತ ಹುಳುವಿನ ಜೊತೆ ಗುಂಡಿಗೆ ಸುರಿದು ಮುಚ್ಚಿದ್ದರು. ಹನ್ನೆರಡನೆಯದರ ಮೈ ಮಂಚದ ಕೆಳಗೆ ಇದ್ದದ್ದರಿಂದ ಅವರಿಗೆ ಕಾಣಲಿಲ್ಲ.

ನಾನು ಆಗಲೇ ಅವರ ಮನೆಗೆ ಹೋದೆ. ನಾನು ಕೇಳಿದ್ದು ಒಂದೇ, ಹಾಕಿದ್ದು ಸುಟ್ಟ ಸುಣ್ಣವೋ, ಪುಡಿ ಸುಣ್ಣವೋ ಎಂದು. ಸುಟ್ಟ ಸುಣ್ಣಕ್ಕೆ ನೀರು ತಗುಲಿದರೆ ಕುದಿಯುತ್ತದೆ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಪುಡಿ ಸುಣ್ಣವಾದರೆ ಬಣ್ಣ ಮಾತ್ರ ಹೋಗುತ್ತದೆ, ಅದೂ ಒಂದೊಂದು ದಿನಕ್ಕೆ ಇಷ್ಟಿಷ್ಟು. ಮೂರು ಸಲ ಕೇಳಿದೆ. ಮುನಿಗಂಗಪ್ಪನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

12-2-1993ರಂದು ಕೆಲಸಕ್ಕೆ ರಜೆ ಹಾಕಿ ದೂರು ಕೊಟ್ಟೆ. 13 ಮತ್ತು 14ರಂದು ಎರಡೆರಡು ಸಲ ಠಾಣೆಗೆ ಬಂದೆ. ಡೆಮಾನ್‌ಸ್ಟ್ರೇಟರ್ ವೆಂಕಟರವಣಪ್ಪನವರನ್ನೂ ಹುಡುಕಿಕೊಂಡು ಹೋಗಿ, ಊರಿನಲ್ಲಿ ಹುಳು ಇಲ್ಲದ ದಿನ ನೋಡಿ ಗುಂಡಿ ತೆರೆಯಬಹುದಾ ಎಂದು ಕೇಳಿದೆ. “ನಿಮ್ಮೂರಲ್ಲಿ ಹುಳ ಇಲ್ಲದ ದಿನ ಯಾವುದ್ರೀ? ಒಂದು ಮನೇಲಿ ಹಣ್ಣಾದ್ರೆ ಇನ್ನೊಂದು ಮನೇಲಿ ಮರಿ. ನನ್ನ ಇಪ್ಪತ್ತು ವರ್ಷದ ಸರ್ವಿಸಲ್ಲಿ ನಾನು ನೋಡಿಲ್ಲ” ಎಂದರು. ನನ್ನ ಮನೆ ಬಾಗಿಲಿನಿಂದ ಗುಂಡಿಗೆ 42 ಅಡಿ. ನಾನೇ ಟೇಪು ಹಿಡಿದು ಅಳೆದಿದ್ದೇನೆ. ಇಷ್ಟು ಹತ್ತಿರ ಇದ್ದು, ಎಲ್ಲಿದೆ ಎಂದು ಗೊತ್ತಿದ್ದು, ಯಾರು ಹಾಕಿದರು ಎಂದು ಅವರೇ ಒಪ್ಪಿದ್ದು, ತೆಗೆದುಕೊಳ್ಳಲು ಆಗುವುದಿಲ್ಲ ಎಂದರೆ ಏನು ಮಾಡುವುದು ಎಂದು ಎಲ್ಲರನ್ನೂ ಕೇಳಿದೆ. ಇನ್ನೊಂದು ಸೆಟ್ಟು ಮಾಡಿಕೊಳ್ಳಯ್ಯ ಎಂದರು.

ಈ ದಿನ 15-2-1993, ಸೋಮವಾರ ಬೆಳಿಗ್ಗೆ 10-40ಕ್ಕೆ ಹೆಡ್ ಕಾನ್‌ಸ್ಟೇಬಲ್ ಸಾಹೇಬರು ಇಬ್ಬರು ಪಂಚರನ್ನೂ ಒಬ್ಬ ಕೂಲಿಯಾಳನ್ನೂ ಕರೆದುಕೊಂಡು ಸ್ಥಳಕ್ಕೆ ಬಂದರು. ಮುನಿಗಂಗಪ್ಪನವರು ಕೈ ಕಟ್ಟಿಕೊಂಡು ದೂರ ನಿಂತಿದ್ದರು. ಅಕ್ಕಯ್ಯಮ್ಮನವರು, “ತೆಗಿಸಪ್ಪ. ನಂದು ಹೋಗಾಯ್ತು. ನಾನ್ಯಾಕೆ ಅಡ್ಡ ಬರ್ಲಿ?” ಎಂದು ಹೇಳಿ ಜಗಲಿಯ ಮೇಲೆ ಕುಳಿತರು. 10-50ಕ್ಕೆ ಗುಂಡಿಯ ಮೇಲೆ ಹಾಕಿದ್ದ ಮುಳ್ಳು ಸರಿಸಿ ಅಗೆಯಲು ಶುರು ಮಾಡಿದರು. ಗಾಳಿ ಪಡುವಣದಿಂದ ಊರಿನ ಕಡೆಗೆ ಇತ್ತು. ಈ ಸಲ ನೋಡಿದೆ.

ಆ ಸಮಯಕ್ಕೆ ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತುಕೊಂಡು ಒಂಬತ್ತು ಜನ ಹೆಂಗಸರು ಬರುತ್ತಿದ್ದರು. ಗುಂಡಿ ತೆರೆದದ್ದನ್ನು ಕಂಡು ಸುಮಾರು 60 ಅಡಿ ದೂರದಲ್ಲೇ ನಿಂತರು. ಆ ಸೊಪ್ಪಿನ ಮೇಲೆ ಧೂಳು ಬಿದ್ದರೆ ಹುಳುವಿಗೆ ಹಾಕುವಂತಿಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ನಾನು ಅಗೆಸುತ್ತಿದ್ದೆನೋ ಏನೋ. ಹೊರೆ ಇಳಿಸಲೂ ಇಲ್ಲ, ನೆಲದ ಮೇಲೆ ಇಡುವಂತಿಲ್ಲ. ಮುಂದೆ ನಿಂತಿದ್ದ ಗಂಗುಲಮ್ಮ ಎಂಬುವರು, “ಬೇಗ ಮುಗ್ಸಪ್ಪ, ಸೊಪ್ಪು ಬಾಡ್ತೈತೆ. ಹುಳ ನಾಲ್ಕನೇ ಜ್ವರ ಎದ್ದವೆ, ಬೆಳಿಗ್ಗೆಯಿಂದ ಹಸ್ಕೊಂಡವೆ” ಎಂದರು. ಜ್ವರ ಎಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವುದು. ಕೋಪದಿಂದ ಹೇಳಲಿಲ್ಲ, ಅಂಗಡಿಯಲ್ಲಿ ಸರದಿಯಲ್ಲಿ ನಿಂತವರ ಹಾಗೆ ಹೇಳಿದರು.

11-05ಕ್ಕೆ ಒಂದೂವರೆ ಅಡಿ ಆಳದಲ್ಲಿ ಬಿಳಿ ಕಾಣಿಸಿತು. ಪುಡಿ ಸುಣ್ಣ. ಗುದ್ದಲಿಯ ಮಣ್ಣಿನಲ್ಲಿ ಒಂದು ಟೈರು ಮೇಲೆ ಬಂತು. ಎಂಟಾಣೆ ಅಗಲ ಇತ್ತು. ಸಾಹೇಬರು ಅದನ್ನು ಕಡ್ಡಿಯಿಂದ ಎತ್ತಿ, “ಇದೇನಾ? ಸರಿ, ಮುದ್ದೆಮಾಲು ಅಂತ ಹಾಕ್ಕೊಳ್ಳೋಣ, ಮಿಕ್ಕಿದ್ದೂ ಬರ್ಲಿ” ಎಂದರು. ಸುಣ್ಣ ಪುಡಿಯಾಗಿಯೇ ಇದ್ದದ್ದರಿಂದ ಗಾಡಿಗಳು ಕರಗಿಲ್ಲ ಎಂದು ನನಗೆ ಗೊತ್ತಾಯಿತು. ಇನ್ನೊಂದು ಅಡಿ ಅಗೆದಿದ್ದರೆ ಎಲ್ಲವೂ ಸಿಗುತ್ತಿದ್ದವು. ಹೊರಗೆ ಬಿದ್ದ ಮಣ್ಣು ಒಣಗಿ ಹಾರಲು ಶುರುವಾಗಿತ್ತು. ಬೇಡ ಸಾರ್, ಅದನ್ನೂ ಒಳಗೇ ಹಾಕಿಬಿಡಿ ಎಂದು ನಾನು ಹೇಳಿದೆ. “ಮೂರು ದಿನದಿಂದ ಠಾಣೆ ಬಾಗಿಲು ಸವೆಸಿ, ಕೈಗೆ ಬಂದಿದ್ದನ್ನ ಈಗ ಬೇಡ ಅಂತೀಯಾ? ತಲೆ ನೆಟ್ಟಗಿದೆಯೇನಯ್ಯ?” ಎಂದು ಸಾಹೇಬರು ರೇಗಿದರು. ಕೂಲಿಯವನು ಗುದ್ದಲಿ ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡುತ್ತಿದ್ದ. ನಾನು ಅವನಿಂದ ಗುದ್ದಲಿ ತೆಗೆದುಕೊಂಡು ಮಣ್ಣನ್ನು ನಾನೇ ಎಳೆದೆ. ಮೇಲೆ ಎರಡು ಬಿಂದಿಗೆ ನೀರು ಹಾಕಿ ಧೂಳು ಕೂರಿಸಿದೆ. ಆ ನೀರು ಕೆಳಗಿನ ಸುಣ್ಣಕ್ಕೆ ಇಳಿದರೆ ಬಣ್ಣಕ್ಕೆ ಏನಾಗುತ್ತದೆ ಎಂದು ನನಗೆ ಗೊತ್ತು. 11-30ಕ್ಕೆ ಹೆಂಗಸರು ಹೊರೆ ಸಮೇತ ದಾಟಿಕೊಂಡು ಹೋದರು.

ಗುಂಡಿಯನ್ನು ಮತ್ತೆ ತೆರೆಸುವುದು ನನಗೆ ಬೇಡ. ಮುನಿಗಂಗಪ್ಪನವರ ಮೇಲೆ ಕ್ರಮವೂ ಬೇಡ. ಆದರೆ ನನ್ನ ದೂರು ಸುಳ್ಳಲ್ಲ. ಮಾಲು ಸಿಕ್ಕಲಿಲ್ಲ, ದೂರು ಸುಳ್ಳು ಎಂದು ಬರೆದು ಫೈಲು ಮುಚ್ಚಬಾರದಾಗಿ ಕೇಳಿಕೊಳ್ಳುತ್ತೇನೆ. ಮಾಲು ಸಿಕ್ಕಿದೆ, ಸಾಹೇಬರು ನೋಡಿದ್ದಾರೆ, ಪಂಚರೂ ನೋಡಿದ್ದಾರೆ. ಅದು 1926ನೇ ಇಸವಿಯ ಮಾರಿಸ್ ಗಾಡಿಯ ಎಡಗಡೆ ಮುಂದಿನ ಟೈರು. ಅದರ ಹೊರಮೈ ಸುತ್ತ ಬಿಳಿ ಗೆರೆ ಎಳೆಯಲು ನನಗೆ ಎರಡು ಭಾನುವಾರ ಹಿಡಿದಿತ್ತು.

ಇದನ್ನು ನಾನು ಹೇಳಿದ ಹಾಗೆಯೇ ಬರೆದುಕೊಂಡಿದ್ದಾರೆ. ಎರಡು ಸಲ ಓದಿಸಿ ಕೇಳಿದ್ದೇನೆ. ಇದರಲ್ಲಿ ಕೂಡಿಸಿದ್ದೂ ಇಲ್ಲ, ಬಿಟ್ಟದ್ದೂ ಇಲ್ಲ ಎಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಕೆಂಚಾರ್ಲಹಳ್ಳಿ
ದಿನಾಂಕ: 15-2-1993, ಸಂಜೆ 5-40 ಗಂಟೆ
ಸಹಿ: ಎನ್. ಚನ್ನಕೇಶವ