ಬಚ್ಚಲೊಂದು ಬಿಟ್ಟು

ಜಾರೋದಿಲ್ಲ ಕಣೇ, ಧೈರ್ಯವಾಗಿ ಕಾಲಿಡು! ಅಡುಗೆಮನೆಗೆ ಹೊಸ ಟೈಲ್ಸ್ ಅಂದ್ರೆ ಹೀಗೇ, ಮುಖ ನೋಡ್ಕೋಬಹುದು... ಹಾಂ ಹಾಂ ಹಾಂ, ಅದೊಂದರ ಮೇಲೆ ಬೇಡ! ಅದು... ಸ್ವಲ್ಪ ಅಲ್ಲಾಡುತ್ತೆ. ದಾಟಿ ಈ ಕಡೆ ಬಾ. ಹ್ಞಾ, ಹಾಗೆ. ನಮಗೆಲ್ಲಾ ಅಭ್ಯಾಸ ಆಗ್ಬಿಟ್ಟಿದೆ. ನಿಮ್ಮಣ್ಣ ನಿದ್ದೆಗಣ್ಣಲ್ಲಿ ನೀರು ಕುಡಿಯೋಕೆ ಬಂದ್ರೂ ಅದೊಂದನ್ನ ದಾಟಿಕೊಂಡೇ ಬರ್ತಾರೆ.

ಯಾಕೆ ನಗ್ತೀಯ? ನಗು, ನಗು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ... ಏನು? ನೆಲ ನಿಜವಾಗ್ಲೂ ಡೊಂಕಾ? ಎಲ್ಲಿ? ಓ, ಅದಾ! ಅದು ಡೊಂಕಲ್ಲ, ವಾಟ. ನೀರು ಹರಿದು ಹೋಗ್ಲಿ ಅಂತ ಕೊಟ್ಟಿರೋದು. ...ಹೌದು, ಹಾಲ್ ಕಡೆಗೇ ಕೊಟ್ಟಿದಾನೆ. ನಾನೂ ಕೇಳಿದೆ, ಕೇಳದೇ ಬಿಡ್ತೀನಾ? "ಅಕ್ಕಾ, ನೀರಿಗೆ ನಾವು ದಾರಿ ಹೇಳಿಕೊಡೋಕಾಗುತ್ತಾ?" ಅಂದ. ಎಂಥಾ ಮಾತು ನೋಡು! ವೇದಾಂತಿ ಕಣೇ ನಮ್ಮ ಮೇಸ್ತ್ರಿ.

ಕೂತ್ಕೋ. ಆ ಸ್ಟೂಲ್ ಎಳ್ಕೋ. ಬರೋವಾಗ ಕೆಳಗೆ ನೋಡಿದ್ಯಲ್ಲ, ಸ್ಕೂಟರ್ ಮೇಲೆ ಕಾಲು ಚಾಚಿ ಕೂತಿದ್ನಲ್ಲ, ನೀಲಿ ಶರ್ಟು? ಅವನೇ. ನೀನು ಹ್ಞೂಂ ಅಂದ್ರೆ ಈ ಕಿಟಕಿಯಿಂದ ಒಂದು ಕೂಗು ಹಾಕ್ತೀನಿ. ನಾಳೆಯಿಂದಲೇ ನಿನ್ನ ಮನೆ ಕೆಲಸ ಶುರು. ಇನ್ನೆಷ್ಟು ದಿನ ಅಂತ ಸೋರೋ ಸೂರಿನ ಕೆಳಗೆ, ತಲೆದಿಂಬಿನ ಪಕ್ಕ ಬಕೆಟ್ ಇಟ್ಕೊಂಡು ಮಲಗ್ತೀಯ ಪುಟ್ಟೀ? ನಿನ್ನ ಗಂಡನಿಗಂತೂ ಗೋಡೆಗೆ ಮೊಳೆ ಹೊಡಿ ಅಂದ್ರೆ ಬೆರಳಿಗೆ ಹೊಡ್ಕೊಂಡು ಮೂರು ದಿನ ರಜ ಹಾಕ್ತಾರೆ.

ಒಳ್ಳೆಯವನಾ ಅಂತ ಕೇಳ್ತೀಯಲ್ಲ! ನನ್ನನ್ನ! ಸೊಪ್ಪಿನವಳ ಹತ್ತಿರ ಒಂದು ಕಟ್ಟು ಬಿಚ್ಚಿ ಕಡ್ಡಿ ಎಣಿಸೋ ನನ್ನನ್ನ! ನನಗೆ ಚಳ್ಳೆಹಣ್ಣು ತಿನ್ನಿಸೋ ಗಂಡಸು ಇನ್ನೂ ಹುಟ್ಟಿಲ್ಲ ಕಣೇ. ನಾನೇನು ನೀನಾ? ಟೈ ಕಟ್ಕೊಂಡು ಬಾಗಿಲಿಗೆ ಬಂದವನ ನಗು ನೋಡಿ, ಧೂಳು ಹೀರೋ ಮಿಷನ್ ತಗೊಂಡವಳು! ಹೀರೋದಿರಲಿ, ಮೂಲೇಲಿ ತೆಪ್ಪಗಿದ್ದ ಧೂಳನ್ನೂ ಎಬ್ಬಿಸಿ ಮನೆಯೆಲ್ಲಾ ಹಂಚ್ತು. ನಿಮ್ಮ ಚಿಕ್ಕಪ್ಪನ ಮಗಳ ಮದುವೇಲಿ ಆ ಕಥೆ ಹೇಳಿದಾಗ ಊಟಕ್ಕೆ ಕೂತವರು ಕೂತಲ್ಲೇ ಬಿದ್ದು ನಕ್ಕಿದ್ರು, ನೆನಪಿದೆಯಾ? ...ಸರಿ ಸರಿ, ಬಿಡು. ನಿನಗೆ ಅವತ್ತು ಬೇಜಾರಾಗಿತ್ತು ಅಂತ ಗೊತ್ತು. ಈಗ ನಗ್ತಿದೀಯಲ್ಲ, ಸಾಕು.

ಮೇಸ್ತ್ರಿ ವಿಷಯಕ್ಕೆ ಬಾ. ಅವನು ಮನೆ ನೋಡೋ ರೀತೀನೇ ಬೇರೆ. ಬಂದವನು ಮಾತಾಡಲ್ಲ. ಗೋಡೆಗೆ ಬೆರಳಲ್ಲಿ ತಟ್ತಾನೆ, ಕಿವಿ ಇಡ್ತಾನೆ, ಡಾಕ್ಟ್ರು ಎದೆ ನೋಡಿದ ಹಾಗೆ. ಆಮೇಲೆ ಸ್ಕೂಟರ್ ಕೀಲಿಯಿಂದ ಗಾರೆ ಸ್ವಲ್ಪ ಕೆರೀತಾನೆ. ಪುಡಿ ಉದುರುತ್ತೆ. ಒಂದು ಉಸಿರು ಬಿಡ್ತಾನೆ ನೋಡು, ನಮ್ಮ ಮನೇಲಿ ಯಾರೋ ಹೋದ್ರೇನೋ ಅನ್ನೋ ಹಾಗೆ! "ಅಕ್ಕಾ, ಇದನ್ನ ಯಾರು ಕಟ್ಟಿದ್ರು?" ಅಂತಾನೆ. ಅಷ್ಟೇ. ಅಷ್ಟಕ್ಕೇ ನನಗೆ ಕಟ್ಟಿದವನ ಮೇಲೆ ಕೋಪ, ಇಷ್ಟು ವರ್ಷ ಇದರಲ್ಲಿ ಇದ್ವಲ್ಲಾ ಅಂತ ಭಯ, ಈ ಪುಣ್ಯಾತ್ಮ ಸಿಕ್ಕಿದ್ನಲ್ಲಾ ಅಂತ ಸಮಾಧಾನ. ಮೂರೂ ಒಟ್ಟಿಗೇ.

ಯಾರು ಹೇಳಿದ್ದು ಅಂದ್ರೆ... ಎದುರು ಮನೆ ಟೈಲರಮ್ಮ. ಕರೆದು ಮನೆಯೆಲ್ಲಾ ತೋರಿಸಿ ಹೊಗಳಿದ್ದೇ ಹೊಗಳಿದ್ದು. ಆ ಹೊಗಳಿಕೆ ಕೇಳಿಯೇ ನಾನು ಒಪ್ಪಿದ್ದು.

ಏಯ್, ಆ ನಲ್ಲಿ ಮುಟ್ಟಬೇಡ! ನೋಡು, ಕೈ ಸುಟ್ಕೊಂಡೆ. ನೀಲಿ ಗುಂಡಿ ಇರೋದು ಬಿಸಿನೀರಿಗೆ. ಕೆಂಪು ತಣ್ಣೀರಿಗೆ. ಅದೇನು ದೊಡ್ಡ ವಿಷಯ? ನೆನಪಿಟ್ಕೊಂಡ್ರಾಯ್ತು. ...ಆ ಡ್ರಾಯರ್ರಾ? ತೆಗೀಬೇಕಾದ್ರೆ ಮೊದಲು ಅಡುಗೆಮನೆ ಬಾಗಿಲು ಹಾಕ್ಬೇಕು. ಬಾಗಿಲು ಹಾಕ್ಬೇಕಾದ್ರೆ ಸ್ಟೂಲ್ ಸರಿಸ್ಬೇಕು. ಸ್ಟೂಲ್ ಮೇಲೆ ನೀನಿದೀಯ. ಹಾಗಾಗಿ ಈಗ ಚಮಚ ಕೇಳಬೇಡ, ಸಕ್ಕರೆ ಹಾಗೇ ಅಂದಾಜಿಗೆ ಸುರೀತೀನಿ. ಯಾಕೆ ಬಾಯಿ ಮುಚ್ಕೊಂಡು ಕುಲುಕ್ತಿದೀಯ? ಕಾಫಿ ಚೆಲ್ಲುತ್ತೆ!

ಏನು, ಬಚ್ಚಲಾ? ಬಚ್ಚಲು ಯಾಕೆ ಈಗ?

ನಿನ್ನ ಮನೇಲೂ ಬಚ್ಚಲ ಗೋಡೆ ಒದ್ದೆ, ಒಪ್ಪಿದೆ. ಆದ್ರೆ ಎಲ್ಲಾ ಬಚ್ಚಲೂ ಒಂದೇ ಕಣೇ, ನೋಡೋದೇನಿದೆ? ಈಗ ಪೇಂಟ್ ಹಸಿ ಇದೆ. ಸೀರೆಗೆ ಅಂಟುತ್ತೆ. ...ವಾಸನೆ ಬರ್ತಿಲ್ವಾ? ವಾಸನೆ ಬರದ ಪೇಂಟು ಅದು, ಹೊಸದು. ಅಲ್ಲದೆ ಬೀಗದ ಕೀಲಿ ನಿಮ್ಮಣ್ಣನ ಜೇಬಲ್ಲಿ ಹೋಗ್ಬಿಟ್ಟಿದೆ. ...ಬಚ್ಚಲಿಗೆ ಯಾರಾದ್ರೂ ಬೀಗ ಹಾಕ್ತಾರಾ ಅಂದ್ರೆ... ನಾವು ಹಾಕ್ತೀವಪ್ಪ. ಒಬ್ಬೊಬ್ಬರದು ಒಂದೊಂದು ಪದ್ಧತಿ. ಅಯ್ಯೋ, ನೀನೇನು ಪೊಲೀಸಾ? ಒಂದ್ಸಲ ಪೇಂಟು ಅಂತೀಯ ಒಂದ್ಸಲ ಬೀಗ ಅಂತೀಯ ಅಂತ ಎಲ್ಲಾ ಹಿಡ್ಕೊಂಡು ಕೂತ್ರೆ! ಕುಡಿ ಕಾಫಿ, ಆರುತ್ತೆ.

...ಅತ್ತೆ ಹೇಗಿದಾರೆ?

ಅಲ್ಲ, ಸುಮ್ನೆ ಕೇಳಿದೆ. ಮಂಡಿ ನೋವು? ಎಣ್ಣೆ ಹಚ್ತಿದೀಯಾ? ರಾತ್ರಿ ಎರಡು ದಿಂಬು ಬೇಕು ಅವರಿಗೆ, ಒಂದು ತಲೆಗೆ, ಒಂದು ಮಂಡಿ ಕೆಳಗೆ... ಹ್ಞೂಂ, ನಿನ್ನ ತಾಯಿ, ನಿನಗೆ ಗೊತ್ತಿರುತ್ತೆ. ಆದ್ರೂ.

ಯಾವಾಗ ಕರ್ಕೊಂಡು ಬರ್ತೀವಿ ಅಂದ್ರೆ? ಇರ್ಲಿ ಬಿಡೇ, ಮಗಳ ಮನೆ, ಗಾಳಿ ಬದಲಾವಣೆ... ಆಯ್ತು, ಮೂರು ತಿಂಗಳಾಯ್ತು, ನನಗೂ ಲೆಕ್ಕ ಬರುತ್ತೆ. ಯಾಕೆ, ಹೆತ್ತ ತಾಯಿ ಭಾರವಾದ್ರಾ ನಿನಗೆ?

...ತಪ್ಪಾಯ್ತು. ತಪ್ಪಾಯ್ತು ಕಣೇ, ಎದ್ದು ನಿಲ್ಲಬೇಡ, ಕೂತ್ಕೋ. ನನ್ನ ನಾಲಿಗೆಗೆ ಮೂಳೆ ಇಲ್ಲ. ನೀನು ಎಷ್ಟು ಚೆನ್ನಾಗಿ ನೋಡ್ಕೋತೀಯ ಅಂತ ನನಗೆ ಗೊತ್ತಿಲ್ವಾ?

ಏನಂದ್ರು? ...ಯಾವಾಗ? ...ನಿನ್ನೇನಾ? ಇನ್ನೊಂದ್ಸಲ ಹೇಳು. "ನಾನೇನು ತಪ್ಪು ಮಾಡಿದೆ ಅಂತ ಸೊಸೇನ ಕೇಳ್ಕೊಂಡು ಬಾ" ಅಂದ್ರಾ? ಅತ್ತೆ? ಹಾಗಂದ್ರಾ?

ಅಲ್ಲ... ಈ ಒಲೆ ಸ್ವಲ್ಪ... ಹೊಗೆ ಬರುತ್ತೆ. ಕಣ್ಣಿಗೆ ಹೋಗುತ್ತೆ. ...ಗ್ಯಾಸ್ ಒಲೆಗೂ ಬರುತ್ತೆ ಕಣೇ ಒಂದೊಂದ್ಸಲ!

ಕೇಳಿಸ್ತಾ? ಹಾರ್ನ್ ಹೊಡೀತಿದಾನೆ. ಬಂದೆ ಇರಪ್ಪಾ, ಎರಡೇ ನಿಮಿಷ! ...ನೋಡು, ಕಿಟಕಿ ಕಡೆಗೇ ಕಣ್ಣಿಟ್ಟಿದಾನೆ. ಹೇಳು ಪುಟ್ಟೀ, ಕರೀಲಾ? ಹ್ಞೂಂ ಅನ್ನು. ಒಂದು ಹ್ಞೂಂ ಅಷ್ಟೇ. ನೀನು ಹ್ಞೂಂ ಅಂದ್ರೆ ಎಲ್ಲಾ ಸರಿಹೋಗುತ್ತೆ, ನಿನ್ನ ಸೂರೂ ಸರಿಹೋಗುತ್ತೆ, ಅತ್ತೆ ಬರೋದೂ... ಅಂದ್ರೆ, ಅತ್ತೆ ವಿಷಯ ಬೇರೆ, ಇದು ಬೇರೆ. ಎರಡಕ್ಕೂ ಏನು ಸಂಬಂಧ? ನಾನೆಲ್ಲಿ ಸಂಬಂಧ ಇದೆ ಅಂದೆ?

ಎಲ್ಲಿಗೆ? ಏಯ್, ಎಲ್ಲಿಗೆ ಹೊರಟೆ? ಕೈ ತೊಳೀಬೇಕಾದ್ರೆ ಇಲ್ಲೇ ಸಿಂಕ್ ಇದೆ! ಆ ಕಡೆ ಬೇಡ... ಪುಟ್ಟೀ, ಆ ಬಾಗಿಲು ತೆಗೀಬೇಡ, ಹೇಳ್ತಿದೀನಿ, ಪೇಂಟು, ಅಲ್ಲಲ್ಲ, ಬೀಗ... ಬರೀ ಚಿಲಕ ಹಾಕಿದೆ, ಹೌದು... ಬೇಡ ಕಣೇ...

ಕಾಲಿಡಬೇಡ! ನೆಲ ಇಲ್ಲ ಅಲ್ಲಿ!

...

ಬಾ, ಈ ಕಡೆ ಬಾ.

ಆ ಗುಂಡಿ ಹಾಗೇ ಇದೆ, ಅವನು ಅಗೆದ ದಿನದಿಂದ. ಮೂಲೇಲಿ ಪ್ಲಾಸ್ಟಿಕ್ ಸುತ್ತಿ ಹಗ್ಗ ಕಟ್ಟಿ ನಿಲ್ಲಿಸಿದಾನಲ್ಲ, ಅದೇ ಹೊಸ ಕಮೋಡು. ಚೆನ್ನಾಗಿದೆ ಅಲ್ವಾ? ನಾನೇ ಆರಿಸಿದ್ದು. ...ನಗಬಹುದು ನೀನು. ಆಗಿನಿಂದ ನಗ್ತಿದ್ದವಳು ಈಗ ಯಾಕೆ ಸುಮ್ಮನಾದೆ?

ಎಂಟು ದಿನ ಅಂದಿದ್ದ. "ಎಂಟೇ ದಿನ ಅಕ್ಕಾ, ಅಜ್ಜಿನ ಎಲ್ಲಾದ್ರೂ ಕಳಿಸಿ, ಧೂಳು" ಅಂದ. ಅದಕ್ಕೇ ನಿನ್ನ ಹತ್ತಿರ ಕಳಿಸಿದ್ದು. ಎಂಟು ದಿನಕ್ಕೆ ಅಂತಲೇ ಕಳಿಸಿದ್ದು ಕಣೇ, ಎರಡೇ ಸೀರೆ ಕೊಟ್ಟು ಕಳಿಸಿದ್ದೆನಲ್ಲ, ನೀನೇ ನೋಡಿದ್ಯಲ್ಲ? ಅಡುಗೆಮನೆ ಮುಗಿಸಿದ, ಬಚ್ಚಲು ಒಡೆದ, ಹೋದ. ಫೋನ್ ಮಾಡಿದ್ರೆ ನಾಳೆ. ನಾಳೆ ಮಾಡಿದ್ರೆ ನಾಡಿದ್ದು. ನಾವು ಕೆಳಗಿನ ಮನೆಯವರ ಬಚ್ಚಲಿಗೆ ಹೋಗ್ತೀವಿ, ಬಕೆಟ್ಟು ಟವಲು ಹಿಡ್ಕೊಂಡು, ಅವರೆದ್ದು ಮುಗಿಸಿದ ಮೇಲೆ. ನಿಮ್ಮಣ್ಣ ಒಂದು ಗಂಟೆ ಮೊದಲೇ ಆಫೀಸಿಗೆ ಓಡ್ತಾರಲ್ಲ, ಕೆಲಸದ ಮೇಲಿನ ಪ್ರೀತಿ ಅಂದ್ಕೊಂಡ್ಯಾ? ಆದ್ರೆ ಅತ್ತೆ ಇಪ್ಪತ್ತೆರಡು ಮೆಟ್ಟಿಲು ಹೇಗೆ ಇಳೀತಾರೆ? ಆ ಮಂಡಿ ಇಟ್ಕೊಂಡು?

ಬೇರೆಯವರನ್ನ ಕರೆಯದೇ ಇರ್ತೀನಾ? ಮೂರು ಜನ ಬಂದು ನೋಡಿದ್ರು. "ಅವನು ಪೈಪು ಎಲ್ಲೆಲ್ಲಿ ಹಾಕಿದಾನೋ ಅವನಿಗೇ ಗೊತ್ತಮ್ಮ, ಇನ್ನೊಬ್ಬನು ಅರ್ಧ ಮಾಡಿದ್ದಕ್ಕೆ ನಾವು ಕೈ ಹಾಕಲ್ಲ" ಅಂತ ಮೂರೂ ಜನ ಒಂದೇ ಬಾಯಲ್ಲಿ ಅಂದ್ರು.

ಹೋದ ವಾರ ತಾನೇ ಬಂದ. ಅದೇ ನೀಲಿ ಶರ್ಟು, ಅದೇ ನಗು. "ಅಕ್ಕಾ, ನಿಮ್ಮ ಕಡೆಯವರದು ಒಂದು ಮನೆ ಕೊಡಿಸಿ. ಅಲ್ಲಿ ಕೆಲಸ ಶುರುವಾದ ದಿನವೇ ನಿಮ್ಮ ಬಚ್ಚಲು ಮುಗಿಸ್ತೀನಿ." ಆಗ ನನಗೆ ಹೊಳೀತು. ಟೈಲರಮ್ಮನ ಮನೆ ನೋಡೋಕೆ ಹೋದಾಗ ಹಿಂದಿನ ಮೆಟ್ಟಿಲ ಕಡೆ ಮಾತ್ರ ನನ್ನನ್ನ ಬಿಟ್ಟಿರಲಿಲ್ಲ ಅವಳು. ನಾನು ಇವನಿಗೆ ಒಪ್ಪಿದ ವಾರಕ್ಕೆ ಅವಳ ಮೆಟ್ಟಿಲು ಮುಗೀತು. ಆವತ್ತಿನಿಂದ ನನ್ನ ಮುಖ ನೋಡಿದ್ರೆ ಬಾಗಿಲು ಹಾಕ್ಕೋತಾಳೆ. ಒಂದೊಂದು ಮನೇಲೂ ಒಂದೊಂದು ಹೀಗೆ ಉಳಿಸ್ಕೋತಾನೆ ಇವನು. ಇನ್ನೊಬ್ಬರನ್ನ ಹಿಡಿದು ಕೊಟ್ರೆ ನಮಗೆ ಬಿಡುಗಡೆ.

ಹ್ಞೂಂ. ನಿನ್ನನ್ನೇ. ನಿನ್ನ ಮನೆ ಕೊಟ್ಟು ನಮ್ಮ ಬಚ್ಚಲು ಬಿಡಿಸ್ಕೊಳ್ಳೋಣ ಅಂತ ಕರೆದೆ.

ಬೈಯೇ! ನಾಲ್ಕು ಬೈದು ಹೋಗು!

...ಯಾಕೆ ಹೇಳಲಿಲ್ಲ ಅಂತ ತಾನೇ? ಹೇಗೆ ಹೇಳಲಿ? ನಿನ್ನ ಮಿಷನ್ ಕಥೆ ಇಟ್ಕೊಂಡು ಅಷ್ಟು ಜನರನ್ನ ನಗಿಸಿದವಳು ನಾನು. ಯಾವ ಬಾಯಲ್ಲಿ ಹೇಳಲಿ? ನಿಮ್ಮಣ್ಣನ ಬಾಯಿಗೂ ಬೀಗ ಹಾಕಿದೆ. ಅತ್ತೇನ ಹೊರಗೆ ಹಾಕಿದಳು ಅಂತ ನಿಮ್ಮ ಕಡೆಯವರೆಲ್ಲಾ ಮಾತಾಡ್ಕೋತಿರೋದು ನನ್ನ ಕಿವಿಗೂ ಬಿದ್ದಿದೆ. ಬೀಳಲಿ ಅಂದ್ಕೊಂಡೆ. ಕೆಟ್ಟವಳು ಅನ್ನಿಸ್ಕೊಂಡ್ರೂ ಪರವಾಗಿಲ್ಲ, ಪೆದ್ದಿ ಅನ್ನಿಸ್ಕೊಳ್ಳೋದು ಬೇಡ ಅಂತ... ಆದ್ರೆ ಅತ್ತೆ ತನ್ನದೇ ತಪ್ಪು ಅಂದ್ಕೊಂಡು ಕೂತಿರ್ತಾರೆ ಅಂತ ನನಗೆ ಹೊಳೀಲೇ ಇಲ್ಲ ಕಣೇ. ಆಣೆಗೂ ಹೊಳೀಲಿಲ್ಲ.

ಮತ್ತೆ ಹಾರ್ನು! ಇವನ ಹಾರ್ನಿಗಿಷ್ಟು! ಸರಿ ಆ ಕಡೆ... ಏಯ್ ಮೇಸ್ತ್ರೀ! ಹ್ಞೂಂ, ನಿನಗೇ! ಹೋಗಪ್ಪಾ, ಹೋಗು! ಈ ಮನೆಯಿಂದ ನಿನಗೆ ಇನ್ನೊಂದು ಮನೆ ಸಿಗಲ್ಲ! ...ಬಚ್ಚಲು ಹಾಗೇ ಇರ್ಲಿ! ನಾನೇ ಅದರಲ್ಲಿ ಗಿಡ ನೆಡ್ತೀನಿ! ...ಕೇಳಿಸ್ಕೊಳ್ಳಲಿ, ಬೀದಿಯವರೆಲ್ಲಾ ಕೇಳಿಸ್ಕೊಳ್ಳಲಿ!

ಹೋದ.

...ಏನದು, ಯಾರಿಗೆ ಫೋನು? ಅತ್ತೆಗಾ? ಬೇಡ ಪುಟ್ಟೀ. ಈಗ ಬೇಡ. ನಾನೇ ನಿಧಾನಕ್ಕೆ... ರಿಂಗ್ ಆಗ್ತಿದೆಯಾ? ನೀನೇ ಹೇಳೇ, ನಿನಗೆ ಕೈ ಮುಗೀತೀನಿ. ಅಯ್ಯೋ, ಫೋನ್ ನನ್ನ ಕಿವಿಗೇ ಹಿಡೀತೀಯಲ್ಲ...

ಹಲೋ... ಅತ್ತೇ? ನಾನು. ನಿಮ್ಮ ಸೊಸೆ. ...ಹ್ಞೂಂ, ಬಂದಿದಾಳೆ, ಇಲ್ಲೇ ಇದಾಳೆ. ...ಚೆನ್ನಾಗಿದೀವಿ, ಎಲ್ಲಾ ಚೆನ್ನಾಗಿದೀವಿ... ಇಲ್ಲ. ಇಲ್ಲ ಅತ್ತೆ. ನಿಮ್ಮದೇನೂ ತಪ್ಪಿಲ್ಲ. ನಮ್ಮ ಮನೇಲಿ ಬಚ್ಚಲಿಲ್ಲ ಅತ್ತೆ. ಮೂರು ತಿಂಗಳಿಂದ ಇಲ್ಲ... ನಾನು ಮೋಸ ಹೋದೆ.