ಸಾಂಬಾರಿನಲ್ಲಿ ಕಾಣದ ಸೋರೆಕಾಯಿ

ಪುಟ್ಟೇನಹಳ್ಳಿಯ ಬಸ್ ಸ್ಟಾಪಿನಲ್ಲಿ ಪಿಳ್ಳಣ್ಣ ಗೊಟ್ಟಿಗೆರೆ ಬಸ್ಸಿಗೆ ಕಾಯುತ್ತ ಕೂತಿದ್ದರು. ಪಕ್ಕಕ್ಕೆ ಬಂದು ಕೂತ ಹೆಂಗಸರಿಬ್ಬರೂ ಬೇರೆ ಬೇರೆ ಶಾಲೆಗಳಲ್ಲಿ ಬಿಸಿಯೂಟದ ಅಡುಗೆಯವರೆಂದು ಮಾತಿನಿಂದಲೇ ತಿಳಿಯಿತು. ಹಿರಿಯಾಕೆ ಸಪ್ಪಲಮ್ಮ, ಕಿರಿಯಾಕೆ ಮೈತ್ರಿ.

“ಅಕ್ಕಾ, ನಿನ್ನ ಕೆಲಸದಿಂದ ತೆಗೀತಾರಂತೆ, ಹೌದಾ?”

“ತರಕಾರಿ ಮನೆಗೆ ಹೊತ್ಕೊಂಡು ಹೋಗ್ತೀನಿ ಅಂತ ಹೆಡ್‌ಮೇಡಂಗೆ ಅನುಮಾನ.”

“ಹೋಗ್ತೀಯಾ?”

“ಥೂ! ಸೋರೆಕಾಯಿ ಹೋಳು ಹಾಕಿದ್ರೆ ಮಕ್ಕಳು ಆರಿಸಿ ಆರಿಸಿ ಬಕೆಟ್‌ಗೆ ಬಿಸಾಕ್ತಿದ್ವು. ಅದಕ್ಕೆ ತುರಿದು ಸಾಂಬಾರಿಗೆ ಬೆರೆಸಿಬಿಟ್ಟೆ. ಹದಿನೈದು ದಿನದಿಂದ ಬಕೆಟ್ ಖಾಲಿ.”

“ಒಳ್ಳೇದೇ ಆಯ್ತಲ್ಲ!”

“ಏನು ಒಳ್ಳೇದು? ಮಕ್ಕಳಿಗಿಂತ ಮುಂಚೆ ಮೇಡಂ ರುಚಿ ನೋಡಿ ಪುಸ್ತಕದಲ್ಲಿ ಬರೀಬೇಕಲ್ಲ. ಸೌಟು ಹಾಕಿ ತಳದವರೆಗೂ ಹುಡುಕಿದ್ರು, ಒಂದು ಹೋಳೂ ಸಿಗಲಿಲ್ಲ. ‘ತರಕಾರಿ ಇಲ್ಲ’ ಅಂತ ಬರೆದೇಬಿಟ್ರು.”

“ತುರಿದಿದೀನಿ ಅಂತ ಹೇಳೋದಲ್ವಾ?”

“ಹೇಳ್ದೆ. ತೋರ್ಸು ಅಂದ್ರು.”

ಪಿಳ್ಳಣ್ಣ ಕೆಮ್ಮು ಬಂದವರಂತೆ ಬಾಯಿಗೆ ಟವಲು ಒತ್ತಿಕೊಂಡರು.

“ಆಮೇಲೆ?”

“ಇವತ್ತು ಅವರ ತಟ್ಟೆಗೆ ಅಂತಲೇ ನಾಲ್ಕು ದಪ್ಪ ಹೋಳು ಬೇರೆ ಬೇಯಿಸಿ ಹಾಕ್ದೆ.”

“ತಿಂದ್ರಾ?”

“ನಾಲ್ಕನ್ನೂ ತಟ್ಟೆ ಅಂಚಿಗೆ ತಳ್ಳಿದ್ರು. ‘ತರಕಾರಿ ಚೆನ್ನಾಗಿದೆ’ ಅಂತ ಬರೆದು ಸೈನ್ ಹಾಕಿದ್ರು. ನಾಳೆಯಿಂದ ಹಿಂಗೇ ಮಾಡು ಅಂದ್ರು.”

“ಅಂತೂ ಕೆಲಸ ಉಳೀತು ಬಿಡು.”

“ಉಳೀತು. ಇವತ್ತು ಬಕೆಟ್‌ಗೆ ಬಿದ್ದಿದ್ದು ಆ ನಾಲ್ಕು ಹೋಳೇ.”

ಹುಳಿಮಾವಿನ ಬಸ್ಸು ಬಂತು. ಇಬ್ಬರೂ ಚೀಲ ಎತ್ತಿಕೊಂಡು ಹತ್ತಿದರು.